ಭೂಬಳಕೆ ಬದಲಾವಣೆಯ ಅರ್ಜಿ ಮತ್ತು ಚಕ್ಕುಬಂದಿಯ ನೆರೆಯವರು

ಯಾವ ಕ್ರಯಪತ್ರವನ್ನು ತೆರೆದು ನೋಡಿದರೂ ಷೆಡ್ಯೂಲಿನ ಕೊನೆಯಲ್ಲಿ ಚಕ್ಕುಬಂದಿಯ ನಾಲ್ಕು ಸಾಲುಗಳು ಇದ್ದೇ ಇರುತ್ತವೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಓಣಿ ಎಂದು ನಮೂದಿಸದ ಹೊರತು ಈ ನಾಡಿನಲ್ಲಿ ಸ್ವತ್ತಿನ ಗುರುತು ಪೂರ್ಣವಾಗುವುದಿಲ್ಲ. ಆದರೆ ಅದೇ ಸ್ವತ್ತಿನಲ್ಲಿ ಗೋದಾಮನ್ನೋ ಎಣ್ಣೆ ಗಿರಣಿಯನ್ನೋ ವರ್ಕ್‌ಶಾಪನ್ನೋ ಸ್ಥಾಪಿಸಲು ಭೂಬಳಕೆ ಬದಲಾವಣೆಗೆ ಅರ್ಜಿ ಸಲ್ಲಿಸುವಾಗ ಆ ನಾಲ್ಕು ದಿಕ್ಕಿನವರು ಉದ್ಯಮಿಯ ಲೆಕ್ಕಕ್ಕೆ ಬರುವುದು ವಿರಳ. ಅರ್ಜಿ ಯೋಜನಾ ಪ್ರಾಧಿಕಾರಕ್ಕೆ ಹೋಗುತ್ತದೆ, ಶುಲ್ಕ ಖಜಾನೆಗೆ ಸೇರುತ್ತದೆ, ನಕ್ಷೆಯನ್ನು ಎಂಜಿನಿಯರರು ಸಿದ್ಧಪಡಿಸುತ್ತಾರೆ. ನೆರೆಯವರಿಗೆ ವಿಷಯ ತಿಳಿಯುವುದು ಬಹುಮಟ್ಟಿಗೆ ಅಡಿಪಾಯ ತೋಡುವ ಯಂತ್ರ ಬಂದಿಳಿದ ದಿನ.

ಈ ಕ್ರಮದಲ್ಲಿ ಕಾನೂನಿನ ಉಲ್ಲಂಘನೆ ಇಲ್ಲದಿರಬಹುದು. ಆದರೂ ಇದರಿಂದ ಉದ್ಯಮಿಗೆ ಒದಗುವ ಅಪಾಯ ಸಣ್ಣದಲ್ಲ. ಕಾನೂನು ಏನನ್ನು ಕೇಳುತ್ತದೆ, ಏನನ್ನು ಕೇಳುವುದಿಲ್ಲ, ಕೇಳದಿದ್ದರೂ ಮಾಡಬೇಕಾದುದೇನು ಎಂಬುದನ್ನು ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಅರಿತಿರುವುದು ಅಗತ್ಯ.

ಕಾನೂನು ಕೇಳುವುದೆಷ್ಟು?

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕಾಗಿದೆ. ಭೂಪರಿವರ್ತನೆ ಬೇರೆ, ಭೂಬಳಕೆ ಬದಲಾವಣೆ ಬೇರೆ. ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಕಲಮಿನ ಮೇರೆಗೆ ನಡೆಯುವುದು ಭೂಪರಿವರ್ತನೆ; ಅದು ಕಂದಾಯ ಇಲಾಖೆಗೆ ಸೇರಿದ ವಿಷಯ. ಊರಿನ ಮಹಾಯೋಜನೆಯಲ್ಲಿ ಒಂದು ಪ್ರದೇಶವನ್ನು ವಸತಿ, ವಾಣಿಜ್ಯ, ಕೈಗಾರಿಕೆ ಅಥವಾ ಕೃಷಿ ಎಂದು ಗುರುತಿಸಿರುವಾಗ ಆ ಗುರುತನ್ನೇ ಬದಲಿಸಿಕೊಳ್ಳುವುದು ಭೂಬಳಕೆ ಬದಲಾವಣೆ. ಇದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14-ಎ ಕಲಮಿಗೆ ಒಳಪಡುತ್ತದೆ. ಒಂದು ಕೈಯಲ್ಲಿದ್ದರೆ ಇನ್ನೊಂದು ಬೇಡವೆಂದು ಭಾವಿಸಿ ಕಟ್ಟಡ ಕಟ್ಟಿದವರು ತೊಂದರೆಗೆ ಸಿಲುಕುತ್ತಾರೆ.

ಸದರಿ 14-ಎ ಕಲಮು ಮೂರು ಷರತ್ತುಗಳನ್ನು ವಿಧಿಸುತ್ತದೆ. ಬದಲಾವಣೆಯು ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಅದು ಈ ಅಧಿನಿಯಮಕ್ಕಾಗಲಿ, ಭೂಮಿಯ ಬಳಕೆಯನ್ನು ನಿಯಂತ್ರಿಸುವ ಬೇರೆ ಕಾನೂನಿಗಾಗಲಿ ವಿರುದ್ಧವಾಗಿರಬಾರದು. ಬದಲಾವಣೆಯ ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ಒಂದು ಅಥವಾ ಹೆಚ್ಚು ದಿನಪತ್ರಿಕೆಗಳಲ್ಲಿ ಪ್ರಕಟಿಸಿ, ಕನಿಷ್ಠ 15 ದಿನಗಳ ಅವಧಿಯಲ್ಲಿ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಇದಲ್ಲದೆ ಸರ್ಕಾರದ ಪೂರ್ವಾನುಮೋದನೆಯೂ ಅಗತ್ಯ.

ಇದೇ ಕಲಮಿನಲ್ಲಿರುವ ಒಂದು ರಿಯಾಯಿತಿ ಗಮನಾರ್ಹವಾದುದು. ಕೈಗಾರಿಕೆಯಿಂದ ವಾಣಿಜ್ಯಕ್ಕೆ, ಅಥವಾ ಇವೆರಡರಲ್ಲಿ ಯಾವುದರಿಂದಲಾದರೂ ವಸತಿಗೆ ಬದಲಾವಣೆಯಾಗುವುದಿದ್ದರೆ, ನಿಗದಿತ ಶುಲ್ಕ ತೆತ್ತು ಮುಂಚಿತವಾಗಿ ಪ್ರಾಧಿಕಾರಕ್ಕೆ ತಿಳಿಸಿದರೆ ಸಾಕು, ಅನುಮತಿ ದೊರೆತಂತೆಯೇ ಎಂದು ಭಾವಿಸಲಾಗುತ್ತದೆ. ಗದ್ದಲ ಕಡಿಮೆಯಾಗುವ ದಿಕ್ಕಿನಲ್ಲಿ ಹೋಗುವವನಿಗೆ ದಾರಿ ಸುಲಭ, ಹೆಚ್ಚಾಗುವ ದಿಕ್ಕಿನಲ್ಲಿ ಹೋಗುವವನಿಗೆ ಪ್ರಕಟಣೆ ಮತ್ತು ಆಕ್ಷೇಪಣೆ. ಈ ವ್ಯತ್ಯಾಸವನ್ನು ನೋಡಿದರೆ ಕಾನೂನು ಮಾಡಿದವರ ಕಣ್ಣಮುಂದೆ ಇದ್ದುದು ನೆರೆಮನೆಯೇ ಎಂಬುದು ಸ್ಪಷ್ಟವಾಗುತ್ತದೆ. ಹಾಗಿದ್ದರೂ ನೆರೆಯ ಮಾಲೀಕನಿಗೆ ಪ್ರತ್ಯೇಕವಾಗಿ ನೋಟೀಸು ಕೊಡಬೇಕೆಂದು ಈ ಕಲಮು ಹೇಳುವುದಿಲ್ಲ. ಹೇಳುವುದು ಪತ್ರಿಕೆಯ ವಿಷಯವನ್ನಷ್ಟೇ.

ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಟೆಂಡರು ಮತ್ತು ಹರಾಜಿನ ಪ್ರಕಟಣೆಗಳ ನಡುವೆ, ಸರ್ವೆ ನಂಬರು, ಎಕರೆ, ಗುಂಟೆ, "ವಸತಿಯಿಂದ ಕೈಗಾರಿಕೆಗೆ" ಎಂಬ ನಾಲ್ಕು ಮಾತುಗಳಲ್ಲಿ ಮುಗಿಯುವ ಈ ತಿಳಿವಳಿಕೆಯನ್ನು ಪಕ್ಕದ ಮನೆಯಾತ ಓದಿಯಾನೆಂದು ನಿರೀಕ್ಷಿಸುವುದು ಕಷ್ಟ. ಇನ್ನೊಂದು ಹೋಲಿಕೆಯನ್ನೂ ನೋಡಬಹುದು. ಜಮೀನಿನ ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಅಳತೆಯ ದಿನಾಂಕವನ್ನು ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸಿನ ಮೂಲಕ ತಿಳಿಸುತ್ತಾರೆ. ಸರಪಳಿ ಎಳೆದು ಗಡಿಕಲ್ಲು ನೋಡುವ ಕೆಲಸಕ್ಕೇ ನೆರೆಯವನ ಹಾಜರಿ ಬೇಕೆನ್ನುವ ವ್ಯವಸ್ಥೆಯಲ್ಲಿ, ಆ ಗಡಿಕಲ್ಲಿನಾಚೆ ಹಗಲಿರುಳು ಯಂತ್ರ ಓಡಿಸುವ ವಿಷಯವನ್ನು ಆತ ಪತ್ರಿಕೆಯಲ್ಲಿ ಹುಡುಕಿಕೊಳ್ಳಬೇಕಾಗಿದೆ.

ಈಗಾಗಲೇ ಕೈಗಾರಿಕಾ ವಲಯವೆಂದು ಗುರುತಿಸಿದ ಪ್ರದೇಶದಲ್ಲಿ ಅಥವಾ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನಿವೇಶನದಲ್ಲಿ ಘಟಕ ಸ್ಥಾಪಿಸುವವರಿಗೆ ಭೂಬಳಕೆ ಬದಲಾವಣೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಅಲ್ಲದೆ ಅನೇಕ ಊರುಗಳ ವಲಯ ನಿಯಮಾವಳಿಗಳಲ್ಲಿ ಇಂತಿಷ್ಟು ಅಶ್ವಶಕ್ತಿಯೊಳಗಿನ ಸಣ್ಣ ಘಟಕಗಳಿಗೆ ಇತರ ವಲಯಗಳಲ್ಲಿಯೂ ಅವಕಾಶವಿರುವುದರಿಂದ ಅರ್ಜಿಗೆ ಮೊದಲು ಆ ನಿಯಮಾವಳಿಯನ್ನು ನೋಡುವುದು ಲೇಸು.

ಉಡುಪಿಯ ಚಿತ್ರಮಂದಿರ

ನೆರೆಯವರ ಹಕ್ಕು ಎಲ್ಲಿಯವರೆಗೆ ಚಾಚುತ್ತದೆ ಎಂಬುದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಉಡುಪಿಯಲ್ಲಿ ನಗರ ಯೋಜನೆಯ ಮೇರೆಗೆ ವಸತಿಗೆಂದು ಮೀಸಲಾಗಿದ್ದ ಬಡಾವಣೆಯೊಂದರಲ್ಲಿ ಕಲ್ಯಾಣ ಮಂಟಪ ಹಾಗೂ ಉಪನ್ಯಾಸ ಸಭಾಂಗಣ ಕಟ್ಟಲು ಪುರಸಭೆಯಿಂದ ಪರವಾನಗಿ ಪಡೆಯಲಾಯಿತು. ಅನಂತರ ಅದನ್ನೇ ಚಿತ್ರಮಂದಿರವನ್ನಾಗಿ ಮಾರ್ಪಡಿಸುವ ನಕ್ಷೆಗೆ ಪುರಸಭೆ ಠರಾವಿನ ಮೂಲಕ ಒಪ್ಪಿಗೆ ನೀಡಿತು. ಆ ಪ್ರದೇಶದ ನಿವಾಸಿಯೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು. ಠರಾವು ನಗರ ಯೋಜನೆಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯ ಒಪ್ಪಿಕೊಂಡಿತಾದರೂ, ಕಟ್ಟಡದ ಮಾಲೀಕರು ಹಣ ಖರ್ಚು ಮಾಡಿರುವ ಸಂಭವವಿರುವುದರಿಂದ ಅದನ್ನು ಕದಲಿಸಲಾಗದೆಂದು ಅಭಿಪ್ರಾಯಪಟ್ಟಿತು.

1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಅಭಿಪ್ರಾಯವನ್ನು ತಳ್ಳಿಹಾಕಿತು. ವಸತಿ ಪ್ರದೇಶದಲ್ಲಿ ಕಾನೂನಿಗೆ ವಿರುದ್ಧವಾಗಿ ಚಿತ್ರಮಂದಿರ ತಲೆಯೆತ್ತಿದರೆ ಅಲ್ಲಿ ವಾಸಿಸುವವರ ಸ್ವತ್ತಿನ ಅನುಭೋಗಕ್ಕೆ ನೇರವಾಗಿ ಧಕ್ಕೆಯಾಗುತ್ತದೆ, ಆದುದರಿಂದ ಅವರಿಗೆ ಪ್ರಶ್ನಿಸುವ ಹಕ್ಕಿದೆ ಎಂದಿತು. ವಸತಿ ಪ್ರದೇಶ ಕೆಡದಂತೆ ನೋಡಿಕೊಳ್ಳುವುದು ಪುರಸಭೆಯ ಕರ್ತವ್ಯವೆಂದೂ ಹೇಳಿತು. ಖರ್ಚಾದ ಹಣವು ಕಾನೂನುಬಾಹಿರ ಅನುಮತಿಯನ್ನು ಉಳಿಸಲಾರದೆಂಬುದೂ, ಯಾರೋ ಸುಮ್ಮನಿದ್ದ ಮಾತ್ರಕ್ಕೆ ಅಧಿಕಾರವನ್ನು ಮೀರಿದ ಆದೇಶ ಸಕ್ರಮವಾಗದೆಂಬುದೂ ಆ ತೀರ್ಪಿನಿಂದ ಸ್ಥಿರಪಟ್ಟವು.

ಉದ್ಯಮಿಗೆ ಈ ತೀರ್ಪಿನಲ್ಲಿ ಎರಡು ಎಚ್ಚರಿಕೆಗಳಿವೆ. ಗೋಡೆ ಎದ್ದುಬಿಟ್ಟರೆ ಯಾರೇನು ಮಾಡಿಯಾರು ಎಂಬ ಧೈರ್ಯ ಟೊಳ್ಳಾದುದು. ಬ್ಯಾಂಕಿನ ಸಾಲದಿಂದ ತಂದ ಯಂತ್ರ, ಸುರಿದ ಕಾಂಕ್ರೀಟು, ಕೊಟ್ಟ ಮುಂಗಡ ಯಾವುವೂ ನ್ಯಾಯಾಲಯದಲ್ಲಿ ಉತ್ತರವಾಗುವುದಿಲ್ಲ. ಎರಡನೆಯದಾಗಿ, ನೆರೆಯವರ ಮೌನವನ್ನು, ಅಥವಾ ಅವರಿಂದ ಬರೆಸಿಕೊಂಡ ಒಪ್ಪಿಗೆಯನ್ನು, ಪರವಾನಗಿಗೆ ಬದಲಿಯೆಂದು ಎಣಿಸುವುದೂ ಅಷ್ಟೇ ಅಪಾಯಕರ. ಛಾಪಾ ಕಾಗದದ ಮೇಲೆ ನಾಲ್ಕು ಕಡೆಯವರ ಸಹಿ ಇದ್ದ ಮಾತ್ರಕ್ಕೆ ವಸತಿ ವಲಯ ಕೈಗಾರಿಕಾ ವಲಯವಾಗುವುದಿಲ್ಲ.

ಅನಂತರದ ವರ್ಷಗಳಲ್ಲಿ ಈ ಹಕ್ಕು ಇನ್ನಷ್ಟು ಗಟ್ಟಿಯಾಯಿತು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದ್ದನ್ನು ನಿವಾಸಿಗಳು ಪ್ರಶ್ನಿಸಿದಾಗ, 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಹಂಚಿಕೆಯನ್ನು ಎತ್ತಿಹಿಡಿಯಲಿಲ್ಲ. ದೆಹಲಿಯಲ್ಲಿ ವಸತಿ ಕಟ್ಟಡಗಳನ್ನು ವ್ಯಾಪಾರಕ್ಕೆ ಬಳಸುತ್ತಿದ್ದುದರ ವಿರುದ್ಧ 2006ರ ಫೆಬ್ರವರಿಯಲ್ಲಿ ಬಂದ ತೀರ್ಪಿನ ನಂತರ ಅಂಗಡಿಗಳಿಗೆ ಮೊಹರು ಬಿದ್ದುದು ವರ್ತಕರ ನೆನಪಿನಲ್ಲಿರಬಹುದು. ಇದರೊಂದಿಗೆ ಮಾಹಿತಿ ಹಕ್ಕು ಅಧಿನಿಯಮ, 2005 ಸೇರಿದೆ. 10 ರೂಪಾಯಿ ಶುಲ್ಕದ ಅರ್ಜಿಯೊಂದರಿಂದ ನೆರೆಯವನು ಪ್ರಾಧಿಕಾರದ ಕಡತದ ಪ್ರತಿಯನ್ನು ಕೇಳಬಲ್ಲನು. ಅರ್ಜಿಯಲ್ಲಿ ಬರೆದ ಯಂತ್ರಗಳು ಎಷ್ಟು, ಷೆಡ್ಡಿನಲ್ಲಿ ನಿಂತಿರುವುದು ಎಷ್ಟು ಎಂಬುದನ್ನು ಆತ ತಾಳೆ ನೋಡುವುದಕ್ಕೆ ಅಡ್ಡಿಯಿಲ್ಲ.

ಮಾರಿಯನ್ನು ಮನೆಗೆ ಕರೆದಂತೆಯೇ?

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ, ಸುಮ್ಮನಿರುವ ನೆರೆಯವರಿಗೆ ತಾವಾಗಿ ತಿಳಿಸಿ ಆಕ್ಷೇಪಣೆಯನ್ನು ಆಹ್ವಾನಿಸುವುದೇಕೆ ಎಂದು ಉದ್ಯಮಿಗಳು ಕೇಳುವುದುಂಟು. ಈ ಆತಂಕ ಆಧಾರರಹಿತವೇನಲ್ಲ. ಹಳೆಯ ಗಡಿ ತಕರಾರಿನ ಸೇಡು, ಹಣದ ನಿರೀಕ್ಷೆ, ಅದೇ ವ್ಯಾಪಾರದಲ್ಲಿರುವ ಪ್ರತಿಸ್ಪರ್ಧಿಯ ಕೈವಾಡ, ಇವೆಲ್ಲ ಆಕ್ಷೇಪಣೆಯ ವೇಷದಲ್ಲಿ ಬರುತ್ತವೆ. ಆದರೆ ಮುಚ್ಚಿಟ್ಟ ಮಾತ್ರಕ್ಕೆ ಇವು ಬಾರದೆ ಇರುವುದಿಲ್ಲ. ಅರ್ಜಿಯ ಹಂತದಲ್ಲಿ ಬರಬೇಕಾದುದು ಉತ್ಪಾದನೆ ಆರಂಭವಾದ ಮೇಲೆ ಬರುತ್ತದೆ, ಅಷ್ಟೇ. ಅರ್ಜಿಯ ಹಂತದಲ್ಲಿ ಬಂದ ಆಕ್ಷೇಪಣೆಗೆ ಒಂದು ಗೋಡೆಯ ಸ್ಥಾನವನ್ನು ಬದಲಿಸಿ ಉತ್ತರ ಕೊಡಬಹುದು. ಉತ್ಪಾದನೆ ಆರಂಭವಾದ ಮೇಲೆ ಬಂದದ್ದಕ್ಕೆ ತಡೆಯಾಜ್ಞೆಯ ಕಾಲದ ಬಡ್ಡಿಯನ್ನು ಕಟ್ಟುತ್ತಾ ಉತ್ತರಿಸಬೇಕಾಗುತ್ತದೆ.

ಪ್ರತಿಸ್ಪರ್ಧಿಯ ವಿಷಯದಲ್ಲಿ ಕಾನೂನು ಉದ್ಯಮಿಯ ಪರವಾಗಿಯೇ ನಿಂತಿದೆ. ಗುಜರಾತಿನಲ್ಲಿ ಹೊಸ ಚಿತ್ರಮಂದಿರಕ್ಕೆ ನೀಡಿದ ನಿರಾಕ್ಷೇಪಣಾ ಪತ್ರವನ್ನು ಅದೇ ಊರಿನ ಹಳೆಯ ಚಿತ್ರಮಂದಿರದ ಮಾಲೀಕರು ಪ್ರಶ್ನಿಸಿದ್ದರು. 1975ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅವರನ್ನು ಬಾಧಿತ ವ್ಯಕ್ತಿಯೆಂದು ಪರಿಗಣಿಸಲಿಲ್ಲ. ವ್ಯಾಪಾರ ಕಡಿಮೆಯಾಗುತ್ತದೆಂಬ ಅಳುಕು ಕಾನೂನು ಗುರುತಿಸುವ ನಷ್ಟವಲ್ಲ, ನಿಯಮದಂತೆ ಆಕ್ಷೇಪಣೆ ಆಹ್ವಾನಿಸಿದಾಗ ಅವರು ಅದನ್ನು ಸಲ್ಲಿಸಿಯೂ ಇರಲಿಲ್ಲ ಎಂಬುದು ಅಲ್ಲಿನ ತರ್ಕ. ಸಮೀಪದ ನಿವಾಸಿಗಳು, ಶಾಲೆ, ದೇವಾಲಯ, ಮಸೀದಿಯವರ ಸ್ಥಿತಿ ಬೇರೆಯೆಂದು ನ್ಯಾಯಾಲಯ ಗುರುತಿಸಿತು. ಉಡುಪಿಯ ಮೊಕದ್ದಮೆಯನ್ನೂ ಇದನ್ನೂ ಜೊತೆಯಲ್ಲಿಟ್ಟು ಓದಬೇಕು. ಎರಡೂ ಚಿತ್ರಮಂದಿರಗಳ ಕಥೆ. ಒಂದರಲ್ಲಿ ನಿವಾಸಿ ಗೆದ್ದನು, ಇನ್ನೊಂದರಲ್ಲಿ ಪೈಪೋಟಿಗಾರ ಸೋತನು. ಸಕಾಲದಲ್ಲಿ ತಿಳಿವಳಿಕೆ ಕೊಟ್ಟು ಅದರ ದಾಖಲೆ ಇಟ್ಟುಕೊಂಡ ಅರ್ಜಿದಾರನಿಗೆ ಇದರಿಂದ ಒದಗುವ ಬಲವೂ ವಿದಿತವಾಗುತ್ತದೆ. ತಿಳಿದೂ ಸುಮ್ಮನಿದ್ದು, ಕಟ್ಟಡ ಮುಗಿದ ಮೇಲೆ ಎದ್ದುಬಂದವನ ಮಾತಿಗೆ, ಅನುಮತಿ ಕ್ರಮಬದ್ಧವಾಗಿರುವ ಪಕ್ಷದಲ್ಲಿ, ಮೊದಲಿನ ತೂಕ ಉಳಿಯುವುದಿಲ್ಲ.

ಹೊರದೇಶಗಳ ಪದ್ಧತಿ

ಅಮೆರಿಕದ ನ್ಯೂಜರ್ಸಿ ರಾಜ್ಯದಲ್ಲಿ ಎಡಿಸನ್ ಮುಂತಾದ ಊರುಗಳಲ್ಲಿ ಭಾರತೀಯ ವರ್ತಕರು ಬಹಳ ಮಂದಿ ಇದ್ದಾರೆ. ಅಲ್ಲಿ ವಲಯ ನಿಯಮದಿಂದ ವಿನಾಯಿತಿ ಕೋರುವವನು ತನ್ನ ಸ್ವತ್ತಿನಿಂದ ಎಲ್ಲ ದಿಕ್ಕುಗಳಲ್ಲಿಯೂ 200 ಅಡಿಗಳೊಳಗಿನ ಸ್ವತ್ತುಗಳ ಮಾಲೀಕರಿಗೆ, ವಿಚಾರಣೆಗೆ ಕನಿಷ್ಠ 10 ದಿನ ಮೊದಲು, ಖುದ್ದಾಗಿ ಅಥವಾ ದೃಢೀಕೃತ ಅಂಚೆಯ ಮೂಲಕ ನೋಟೀಸು ಕೊಡಲೇಬೇಕು. ಮಾಲೀಕರ ಪಟ್ಟಿಯನ್ನು ಕೇಳಿದರೆ ಪುರಸಭೆಯೇ 7 ದಿನಗಳಲ್ಲಿ ತಯಾರಿಸಿಕೊಡುತ್ತದೆ. ಅದಕ್ಕೆ ಹೆಸರೊಂದಕ್ಕೆ 25 ಸೆಂಟ್ ಅಥವಾ ಒಟ್ಟು 10 ಡಾಲರ್, ಇವೆರಡರಲ್ಲಿ ಹೆಚ್ಚಿನದನ್ನು ಮೀರದ ಶುಲ್ಕವಿದೆ. ನೋಟೀಸು ಸರಿಯಾಗಿ ತಲುಪದಿದ್ದರೆ ಮಂಡಳಿಗೆ ಆ ಅರ್ಜಿಯನ್ನು ಆಲಿಸುವ ಅಧಿಕಾರವೇ ಉಂಟಾಗುವುದಿಲ್ಲ.

ನೋಟೀಸಿನ ಭಾಷೆಯ ಬಗೆಗೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ 1996ರಲ್ಲಿ ನೀಡಿದ ತೀರ್ಪೊಂದು ಇಲ್ಲಿಯ ಉದ್ಯಮಿಗೂ ಪಾಠವಾಗಬಲ್ಲದು. ದೊಡ್ಡ ಮಳಿಗೆಯುಳ್ಳ ವ್ಯಾಪಾರ ಸಂಕೀರ್ಣವನ್ನು ಕಟ್ಟಲು ಹೊರಟವರು ನೋಟೀಸಿನಲ್ಲಿ ವಾಣಿಜ್ಯ ನಿವೇಶನಗಳ ರಚನೆ ಎಂಬರ್ಥದ ಮಾತನ್ನಷ್ಟೇ ಬರೆದಿದ್ದರು. ಪಕ್ಕದಲ್ಲಿ ಏನು ಬರಲಿದೆಯೆಂಬುದು ಸಾಮಾನ್ಯ ಓದುಗನಿಗೆ ಅರ್ಥವಾಗದ ನೋಟೀಸು ನೋಟೀಸೇ ಅಲ್ಲವೆಂದು ನ್ಯಾಯಾಲಯ ಭಾವಿಸಿತು. ಈ ಅಳತೆಗೋಲಿನಿಂದ ಅಳೆದರೆ ಇಲ್ಲಿಯ ಪತ್ರಿಕಾ ಪ್ರಕಟಣೆಗಳಲ್ಲಿ ಎಷ್ಟು ಉಳಿದಾವೆಂಬುದು ಯೋಚಿಸತಕ್ಕ ವಿಷಯ. ಇಂಗ್ಲೆಂಡಿನಲ್ಲಿ ಸಾಮಾನ್ಯ ಅರ್ಜಿಗಳಿಗೆ ಸ್ಥಳದಲ್ಲಿ 21 ದಿನ ಫಲಕ ಹಾಕುವುದು ಅಥವಾ ಹೊಂದಿಕೊಂಡ ಸ್ವತ್ತಿನವರಿಗೆ ಪತ್ರ ಬರೆಯುವುದು ಸ್ಥಳೀಯ ಯೋಜನಾ ಪ್ರಾಧಿಕಾರದ ಹೊಣೆಯಾಗಿದೆ.

ಪತ್ರ ಯಾರಿಗೆ, ಏನೆಂದು?

ಕಾನೂನಿನ ಒತ್ತಾಯವಿಲ್ಲದಿದ್ದರೂ ಅರ್ಜಿಗೆ ಮುನ್ನ ಲಿಖಿತ ತಿಳಿವಳಿಕೆ ಕೊಡುವ ಪದ್ಧತಿಯನ್ನು ಉದ್ಯಮಿಗಳು ತಾವಾಗಿಯೇ ರೂಢಿಸಿಕೊಳ್ಳಬಹುದು. ಖರ್ಚು ಅಂಚೆಯದು ಮಾತ್ರ.

ಹೆಸರುಗಳನ್ನು ಕಲೆಹಾಕುವುದು ಮೊದಲಿಗಿಂತ ಸುಲಭವಾಗಿದೆ. ಕ್ರಯಪತ್ರದ ಚಕ್ಕುಬಂದಿಯಲ್ಲಿರುವವರು ಇಪ್ಪತ್ತು ವರ್ಷಗಳ ಹಿಂದಿನ ಮಾಲೀಕರಾಗಿರಬಹುದಾದ್ದರಿಂದ ಅದನ್ನೇ ನಂಬಿ ಕೂಡಬಾರದು. ಗ್ರಾಮ ನಕ್ಷೆಯಲ್ಲಿ ಸುತ್ತಲಿನ ಸರ್ವೆ ನಂಬರುಗಳನ್ನು ಗುರುತಿಸಿ, ಭೂಮಿ ತಂತ್ರಾಂಶದ ಪಹಣಿಯ 9ನೆಯ ಅಂಕಣದಲ್ಲಿ ಈಗಿನ ಹಿಡುವಳಿದಾರರ ಹೆಸರನ್ನು ನೋಡಬಹುದು. ನಗರ ಪ್ರದೇಶವಾದರೆ ಸ್ಥಳೀಯ ಸಂಸ್ಥೆಯ ಖಾತೆ ದಾಖಲೆಗಳಿಂದ ತಿಳಿಯುತ್ತದೆ. ಗೋಡೆಗೆ ಗೋಡೆ ತಾಗಿದವರಿಗಷ್ಟೇ ತಿಳಿಸಿದರೆ ಸಾಲದು; ರಸ್ತೆಯ ಎದುರಿನವರು, ಲಾರಿ ಒಳಬರುವ ಓಣಿಯ ಇಕ್ಕೆಲದವರು, ಸಮೀಪದ ಶಾಲೆ ಮತ್ತು ಆಸ್ಪತ್ರೆ ಪಟ್ಟಿಯಲ್ಲಿರಬೇಕು. ಮಾಲೀಕರು ಮುಂಬಯಿಯಲ್ಲಿದ್ದು ಮನೆಯಲ್ಲಿ ಬಾಡಿಗೆದಾರರಿದ್ದರೆ ಇಬ್ಬರಿಗೂ ಪತ್ರ ಹೋಗಬೇಕು. ಸ್ವತ್ತಿನ ಬೆಲೆಯ ಚಿಂತೆ ಒಬ್ಬರದು, ರಾತ್ರಿಯ ನಿದ್ರೆಯ ಚಿಂತೆ ಇನ್ನೊಬ್ಬರದು.

ಪತ್ರದ ಒಕ್ಕಣೆ ಕನ್ನಡದಲ್ಲಿ, ಸರಳವಾಗಿ, ಒಂದು ಪುಟದೊಳಗಿರಲಿ. ಸರ್ವೆ ನಂಬರಿನ ಜೊತೆಗೆ ಊರಿನವರು ಗುರುತಿಸುವ ಹೆಗ್ಗುರುತನ್ನೂ ಬರೆಯಬೇಕು. "ಸಣ್ಣ ಕೈಗಾರಿಕೆ" ಎಂದು ಹೇಳಿ ನಿಲ್ಲಿಸದೆ ಏನನ್ನು ತಯಾರಿಸಲಾಗುವುದು, ಯಂತ್ರಗಳ ಒಟ್ಟು ಅಶ್ವಶಕ್ತಿ ಎಷ್ಟು, ಕೆಲಸದ ವೇಳೆ ಯಾವುದು, ದಿನಕ್ಕೆ ಎಷ್ಟು ವಾಹನಗಳು ಬರುತ್ತವೆ, ನೀರು ಎಲ್ಲಿಂದ, ತ್ಯಾಜ್ಯ ಎಲ್ಲಿಗೆ ಎಂಬುದನ್ನು ತಿಳಿಸಬೇಕು. ನೆರೆಯವರ ಭಯಗಳಲ್ಲಿ ಅರ್ಧಕ್ಕೂ ಮಿಗಿಲಾದವು ಊಹೆಯಿಂದ ಹುಟ್ಟಿದವು. ಹತ್ತು ಅಶ್ವಶಕ್ತಿಯ ಹಿಟ್ಟಿನ ಗಿರಣಿಯನ್ನು ರಾಸಾಯನಿಕ ಕಾರ್ಖಾನೆಯೆಂದು ಭಾವಿಸಿ ಸಹಿ ಸಂಗ್ರಹಕ್ಕೆ ಹೊರಟವರಿಗೆ ಅಂಕಿಗಳು ಕೊಡುವ ಸಮಾಧಾನವನ್ನು ಭರವಸೆಯ ಮಾತುಗಳು ಕೊಡಲಾರವು.

ಶಬ್ದದ ವಿಷಯದಲ್ಲಿ ಅಂಕಿಗಳು ಸಿದ್ಧವಾಗಿಯೇ ಇವೆ. ಶಬ್ದ ಮಾಲಿನ್ಯ ನಿಯಮಗಳು, 2000ದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ರಾತ್ರಿಯೆಂದರೆ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ. ನಿಗದಿತ ಮಟ್ಟವನ್ನು 10 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚಾಗಿ ಮೀರಿದರೆ ಯಾರು ಬೇಕಾದರೂ ದೂರು ನೀಡಬಹುದು. ಇಲ್ಲೊಂದು ಸೂಕ್ಷ್ಮವಿದೆ. ಉದ್ಯಮಿಯ ಜಾಗ ಕೈಗಾರಿಕಾ ಬಳಕೆಗೆ ಬದಲಾದರೂ ಗೋಡೆಯಾಚೆಯ ಮನೆ ವಸತಿ ವಲಯದಲ್ಲಿಯೇ ಉಳಿಯುತ್ತದೆ. ಆ ಅಂಗಳದಲ್ಲಿ ಅಳೆಯುವುದು 55 ಮತ್ತು 45ರ ಲೆಕ್ಕದಲ್ಲಿಯೇ. ಜನರೇಟರನ್ನು ಯಾವ ಗೋಡೆಯ ಪಕ್ಕ ಇಡಬೇಕೆಂಬುದನ್ನು ನಕ್ಷೆ ಬರೆಯುವಾಗಲೇ ನಿರ್ಧರಿಸುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಕಾಲದ ಲೆಕ್ಕವನ್ನೂ ಸರಿಯಾಗಿ ಹಾಕಬೇಕು. ಪತ್ರಿಕಾ ಪ್ರಕಟಣೆಯ 15 ದಿನಗಳು ಆರಂಭವಾಗುವುದಕ್ಕೆ ಮೂರು ನಾಲ್ಕು ವಾರ ಮೊದಲೇ ಪತ್ರ ತಲುಪಿದರೆ ಮಾತುಕತೆಗೆ ಬಿಡುವಿರುತ್ತದೆ, ನಕ್ಷೆಯಲ್ಲಿ ತಿದ್ದುಪಡಿಗೂ ಅವಕಾಶವಿರುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬಂದ ಮರುದಿನ ಹೋಗಿ ಬಾಗಿಲು ತಟ್ಟಿದರೆ ಅದು ಒತ್ತಡವೆಂದೇ ತೋರುತ್ತದೆ. ಪತ್ರವನ್ನು ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯಬೇಕು. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿರುವುದರಿಂದ ಅಂಚೆಯಲ್ಲಿ ಕಳುಹಿಸುವವರು ಸ್ಪೀಡ್ ಪೋಸ್ಟ್ ಮೂಲಕವೇ ಕಳುಹಿಸಿ ರಸೀತಿ ಮತ್ತು ತಲುಪಿದ ದಾಖಲೆಯನ್ನು ಕಾದಿರಿಸಿಕೊಳ್ಳಬೇಕು. ಈ ಪತ್ರಗಳ ಪ್ರತಿ ಮತ್ತು ಬಂದ ಉತ್ತರಗಳನ್ನು ಅರ್ಜಿಯೊಡನೆ ಪ್ರಾಧಿಕಾರಕ್ಕೆ ಸಲ್ಲಿಸಿದರೆ ಅವು ಕಡತದ ಭಾಗವಾಗುತ್ತವೆ.

ಉತ್ತರವಾಗಿ ಆಕ್ಷೇಪಣೆ ಬಂದರೆ ಅದರೊಳಗಿನ ತಿರುಳನ್ನು ಬೇರ್ಪಡಿಸಿ ನೋಡಬೇಕು. ಘಟಕವೇ ಬೇಡವೆನ್ನುವವರನ್ನು ಒಪ್ಪಿಸುವುದು ಕಷ್ಟ. ಆದರೆ ರಾತ್ರಿ ಪಾಳಿ ಬೇಡ, ಲಾರಿಗಳು ಶಾಲೆ ಬಿಡುವ ವೇಳೆಯಲ್ಲಿ ಬರಬಾರದು, ಚಿಮಣಿ ನಮ್ಮ ಕಿಟಕಿಯ ಕಡೆ ಬೇಡ ಎನ್ನುವವರು ವಾಸ್ತವದಲ್ಲಿ ಷರತ್ತುಗಳನ್ನು ಹೇಳುತ್ತಿರುತ್ತಾರೆ. ಸಾಧ್ಯವಾದವನ್ನು ಲಿಖಿತವಾಗಿ ಒಪ್ಪಿಕೊಂಡು ಅನುಮತಿಯಲ್ಲಿಯೇ ಷರತ್ತಾಗಿ ಸೇರಿಸುವಂತೆ ಪ್ರಾಧಿಕಾರವನ್ನು ಕೋರಬಹುದು. ಪಾಲಿಸಲಾಗದ ಷರತ್ತನ್ನು ಆ ಹೊತ್ತಿಗೆ ಸಮಾಧಾನವಾಗಲೆಂದು ಒಪ್ಪಿಕೊಳ್ಳುವುದು ಮಾತ್ರ ಅವಿವೇಕ. ಮುಂದೆ ಅದೇ ಕಾಗದ ದೂರಿನ ಜೊತೆಗೆ ಲಗತ್ತಾಗಿ ಬರುತ್ತದೆ. ಸಹಿಗೆ ಹಣ ಕೇಳುವವರಿಗೆ ಕೊಡಬೇಕಾದ ಅಗತ್ಯವೂ ಇಲ್ಲ. ಮೊದಲೇ ಹೇಳಿದಂತೆ ಆ ಸಹಿಯಿಂದ ಕಾನೂನಿನ ದೃಷ್ಟಿಯಲ್ಲಿ ಅನುಮತಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ತಿಳಿವಳಿಕೆ ತಲುಪಿತೆಂಬ ದಾಖಲೆ ಇದ್ದರೆ ಸಾಕು.

ಅರ್ಜಿ ಸಲ್ಲಿಸಿದ ಮೇಲೆ ಯೋಜನೆಯೇ ಬದಲಾಗುವುದೂ ಉಂಟು. ಹತ್ತು ಅಶ್ವಶಕ್ತಿಯ ಯಂತ್ರದ ಬದಲು ಇಪ್ಪತ್ತೈದರದು ಬಂದರೆ, ಅಥವಾ ಗೋದಾಮೆಂದು ಬರೆದಿದ್ದ ಕಡೆ ಪೇಂಟಿಂಗ್ ಘಟಕ ಸೇರಿದರೆ, ಮೊದಲ ಪತ್ರ ರದ್ದಾದಂತೆಯೇ. ಪ್ರಾಧಿಕಾರಕ್ಕೆ ತಿದ್ದಿದ ನಕ್ಷೆ ಸಲ್ಲಿಸುವ ವಾರದಲ್ಲಿಯೇ ಅದೇ ಪಟ್ಟಿಯವರಿಗೆಲ್ಲ ಎರಡನೆಯ ಪತ್ರ ಹೋಗಬೇಕು.